ಯಾವುದಾದರೂ ಎರಡಕ್ಕೆ ಉತ್ತರಿಸಿ

ದಾಂಡೇಲಿ, ಹಳಿಯಾಳ ಸೀಮೆಯ ಕಾಲೇಜುಗಳಲ್ಲಿ ಮೂವತ್ತೊಂದು ವರ್ಷ ಅರ್ಥಶಾಸ್ತ್ರ ಹೇಳಿ 2014ರಲ್ಲಿ ನಿವೃತ್ತನಾದೆ. ಉಳವಿ ಹತ್ತಿರದ ನನ್ನ ಹಳ್ಳಿಗೆ ಬಂದು ಮರುವರ್ಷವೇ ಗ್ರಾಮ ಪಂಚಾಯತಿ ಚುನಾವಣೆಗೆ ನಿಂತೆ. ಇಪ್ಪತ್ತಮೂರು ಮತಗಳಿಂದ ಸೋತೆ. 2020ರ ಡಿಸೆಂಬರಿನಲ್ಲಿ ಮತ್ತೆ ನಿಂತು ಗೆದ್ದೆ. ನನ್ನ ರಾಜಕೀಯದ ಉದ್ದಗಲ ಅಷ್ಟೇ. ಇದಕ್ಕೆ ‘ರಾಜಕೀಯ ಜೀವನ’ ಎಂದು ಹೆಸರಿಟ್ಟರೆ ಊರಲ್ಲಿ ನಗುತ್ತಾರೆ.

ಆದರೂ ಬರೆಯಲು ಒಂದು ಕಾರಣ ಒದಗಿತು. ಹೋದ ಮಳೆಗಾಲದಲ್ಲಿ ನನ್ನ ಜತೆ ಕೆಲಸ ಮಾಡಿದ್ದ ಕಿರಿಯ ಉಪನ್ಯಾಸಕನೊಬ್ಬ ಹಳಿಯಾಳದಿಂದ ಬೈಕ್ ಮೇಲೆ ನೆನೆಯುತ್ತ ಬಂದ. “ಸರ್, ನಾನೂ ವಿ.ಆರ್.ಎಸ್. ತಗೊಂಡು ಜಿಲ್ಲಾ ಪಂಚಾಯತಿಗೆ ನಿಲ್ಲಬೇಕಂತ ಮಾಡೇನಿ. ನಿಮ್ಮ ಅನುಭವ ಏನ್ ಹೇಳ್ತೈತ್ರಿ?” ಎಂದ. ಒಂದು ಲೋಟ ಚಹಾದಲ್ಲಿ ಮುಗಿಯುವ ಮಾತಾಗಿರಲಿಲ್ಲ. ಅವನಿಗೆಂದು ನೋಟ್‌ಬುಕ್ಕಿನಲ್ಲಿ ಗೀಚಿಕೊಂಡದ್ದು ಇದು.

ನಾನು ರಾಜಕೀಯಕ್ಕೆ ಇಳಿದಾಗ ಕಣ್ಣ ಮುಂದೆ ಇಬ್ಬರಿದ್ದರು. ಒಬ್ಬರು ವಿ.ಕೆ.ಆರ್.ವಿ. ರಾವ್. ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದ ಅರ್ಥಶಾಸ್ತ್ರಜ್ಞ, ದಿಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದವರು, ದಿಲ್ಲಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. 1967ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದು ಕೇಂದ್ರ ಸಚಿವರಾದರು. ಇನ್ನೊಬ್ಬರು ಅದೇ 1967ರಲ್ಲಿ ನಮ್ಮದೇ ಕೆನರಾ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದ ಚುಟುಕು ಕವಿ ದಿನಕರ ದೇಸಾಯಿ. ರಾಯರನ್ನು ನಾನು ಪಾಠ ಹೇಳಿ ಬಲ್ಲೆ. ದೇಸಾಯರನ್ನು ಅವರ ಟ್ರಸ್ಟಿನ ಶಾಲೆಯ ಬೆಂಚಿನ ಮೇಲೆ ಕೂತು ಬಲ್ಲೆ.

1. ಶಾಲು ಹೊದಿಸಿದವರು ಮತ ಹಾಕುತ್ತಾರೆಂದು ಲೆಕ್ಕ ಹಿಡಿಯಬೇಡ

ನನ್ನ ನಿವೃತ್ತಿಯ ದಿನ ಹದಿನೇಳು ಶಾಲು ಬಂದಿದ್ದವು. ಹಣ್ಣಿನ ಬುಟ್ಟಿ ಬೇರೆ. ಮನೆಗೆ ತಂದು ಎಣಿಸಿದಾಗಲೇ ನನಗೆ ಚುನಾವಣೆಯ ಹುಚ್ಚು ಹತ್ತಿದ್ದು ಎಂದು ಹೆಂಡತಿ ಈಗಲೂ ಹೇಳುತ್ತಾಳೆ. ವಾರ್ಡಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೇ ಮೂವತ್ತಕ್ಕೂ ಮಿಕ್ಕಿದ್ದರು. ಮನೆಮನೆಗೆ ಹೋದಾಗ ಎಲ್ಲರೂ ಎದ್ದು ನಿಂತರು, ಕುರ್ಚಿ ಒರೆಸಿದರು, ಕಾಲು ಮುಟ್ಟಿದರು. ಒಬ್ಬ ಮಾತ್ರ ಬಾಗಿಲ ತನಕ ಕಳಿಸಲು ಬಂದು ಮೆಲ್ಲಗೆ ಹೇಳಿದ: “ಮಾಸ್ತರ್, ಇದು ನಿಮಗ ಬ್ಯಾಡ್ರಿ. ನೀವು ದೊಡ್ಡವರು.”

ಅದನ್ನು ಗೌರವ ಎಂದುಕೊಂಡೆ. ಎಣಿಕೆಯ ದಿನ ಅರ್ಥವಾಯಿತು, ಅದು ನಿರಾಕರಣೆ. ನಮ್ಮ ಜನ ಇಲ್ಲ ಅನ್ನುವುದನ್ನು ಇಲ್ಲ ಎಂದು ಹೇಳುವುದಿಲ್ಲ. ಎತ್ತರದ ಮಣೆ ಹಾಕಿ ಕೂರಿಸಿ ಹೇಳುತ್ತಾರೆ.

ನನಗಿಂತ ನೂರು ಪಟ್ಟು ದೊಡ್ಡವರಿಗೂ ಇದೇ ಆಗಿದೆ ಎಂಬುದು ಆಮೇಲಿನ ಸಮಾಧಾನ. ಸಾಗರದಲ್ಲಿ ಕಾಲೇಜು ಪ್ರಾಂಶುಪಾಲರಾಗಿದ್ದ ಕವಿ ಗೋಪಾಲಕೃಷ್ಣ ಅಡಿಗರು 1971ರಲ್ಲಿ ಬೆಂಗಳೂರಿನಿಂದ ಜನಸಂಘದ ಅಭ್ಯರ್ಥಿಯಾಗಿ ಸೋತರು. ಕೈಗಾ ಅಣುಸ್ಥಾವರ ಬೇಡ ಎನ್ನುತ್ತ ಶಿವರಾಮ ಕಾರಂತರು 1989ರಲ್ಲಿ ನಮ್ಮ ಜಿಲ್ಲೆಯಲ್ಲೇ ಲೋಕಸಭೆಗೆ ನಿಂತು ಸೋತರು. ಕೈಗಾ ಇರುವುದು ಇದೇ ಕಾಳಿ ನದಿಯ ದಡದಲ್ಲಿ, ನಮಗೆ ಕೆಳಗಡೆ. ದಿಲ್ಲಿ ಸ್ಕೂಲಿನಲ್ಲಿ ಪ್ರಾಧ್ಯಾಪಕರಾಗಿದ್ದ ಮನಮೋಹನ ಸಿಂಗ್ ಹಣಕಾಸು ಮಂತ್ರಿಯಾಗಿ ಹೆಸರು ಮಾಡಿದ ಮೇಲೂ 1999ರಲ್ಲಿ ದಕ್ಷಿಣ ದಿಲ್ಲಿಯಲ್ಲಿ ಸೋತರು. ಅವರು ಪ್ರಧಾನಿಯಾದದ್ದು ರಾಜ್ಯಸಭೆಯಿಂದ. ಗೌರವದ ಖಾತೆ ಬೇರೆ, ಮತದ ಖಾತೆ ಬೇರೆ. ಒಂದರಿಂದ ಇನ್ನೊಂದಕ್ಕೆ ಹಣ ವರ್ಗವಾಗುವುದಿಲ್ಲ.

2. ಗಂಟೆ ಹೊಡೆಯುವವರು ಇಲ್ಲಿಲ್ಲ

ಮೊದಲ ಪ್ರಚಾರಕ್ಕೆ ಕಾಡಿನ ನಡುವಿನ ಒಂದು ಕುಣಬಿ ವಾಡಿಗೆ ಹೋಗಿದ್ದೆ. ಹನ್ನೆರಡು ಮನೆ. ಅಂಗಳದಲ್ಲಿ ಚಾಪೆ ಹಾಸಿದರು. ನಾನು ಸಂವಿಧಾನದ 73ನೇ ತಿದ್ದುಪಡಿಯಿಂದ ಶುರುಮಾಡಿದೆ. ಹನ್ನೊಂದನೇ ಅನುಸೂಚಿ, ಅದರ 29 ವಿಷಯಗಳು, ಹಣಕಾಸು ಆಯೋಗದ ಅನುದಾನ. ಯಾರೂ ಎದ್ದು ಹೋಗಲಿಲ್ಲ. ಅದನ್ನು ಆಸಕ್ತಿ ಎಂದು ಭಾವಿಸುವ ರೋಗ ಮೇಷ್ಟ್ರುಗಳಿಗೆ ಇದ್ದೇ ಇರುತ್ತದೆ. ತರಗತಿಯಲ್ಲೂ ಯಾರೂ ಎದ್ದು ಹೋಗುವುದಿಲ್ಲವಲ್ಲ.

ನಲವತ್ತೈದು ನಿಮಿಷಕ್ಕೆ ಸರಿಯಾಗಿ ನಾನೇ ನಿಲ್ಲಿಸಿದೆ. ಮೈಯಲ್ಲಿ ಗಂಟೆ ಇದೆ. ಎಲೆ ಅಡಿಕೆ ಹಾಕುತ್ತಿದ್ದ ಒಬ್ಬ ಅಜ್ಜಿ ಕೇಳಿದಳು: “ಕರೆಂಟು ಯಾವಾಗ ಬರ್ತದ ಅದನ್ನ ಹೇಳು.”

ಅವಳ ಪ್ರಶ್ನೆಯ ಹಿಂದೆ ಇಡೀ ತಾಲೂಕಿನ ಚರಿತ್ರೆ ಇತ್ತು. ಕಾಳಿಗೆ ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ತಾಲೂಕಿನ ಊರಾಗಿದ್ದ ಸೂಪಾವೇ ನೀರಿನಡಿ ಹೋಯಿತು, ಕಚೇರಿಗಳು ಜೋಯಿಡಾಕ್ಕೆ ಬಂದವು, ಎಷ್ಟೋ ಮನೆತನಗಳು ರಾಮನಗರಕ್ಕೆ ಎದ್ದು ಹೋದವು. ಆ ನೀರು ಅಂಬಿಕಾನಗರದ ಹತ್ತಿರ ನಾಗಝರಿಯಲ್ಲಿ ವಿದ್ಯುತ್ತಾಗಿ ರಾಜ್ಯಕ್ಕೆಲ್ಲ ಹರಿಯುತ್ತದೆ. ಅಜ್ಜಿಯ ವಾಡಿಯಲ್ಲಿ ಮಾತ್ರ ಚಿಮಣಿ ದೀಪ. ಇದನ್ನೆಲ್ಲ ನಾನು ತರಗತಿಯಲ್ಲಿ ‘ಅಭಿವೃದ್ಧಿಯ ಸಾಮಾಜಿಕ ವೆಚ್ಚ’ ಎಂಬ ತಲೆಬರಹದಡಿ ಹೇಳುತ್ತಿದ್ದೆ, ಉದಾಹರಣೆಗೆ ಸೂಪಾವನ್ನೇ ಕೊಡುತ್ತಿದ್ದೆ. ಅಂಗಳದಲ್ಲಿ ಕೂತಾಗ ಆ ಮಾತು ನೆನಪಿಗೇ ಬರಲಿಲ್ಲ.

ತರಗತಿಯಲ್ಲಿ ಪ್ರಶ್ನೆ ನನ್ನದು, ಉತ್ತರ ಅವರದು. ಇಲ್ಲಿ ತಿರುವುಮುರುವು. ಎರಡನೇ ಸಲ ನಿಂತಾಗ ನಾನು ಭಾಷಣ ಮಾಡಲೇ ಇಲ್ಲ. ಹೋಗಿ ಕೂರುತ್ತಿದ್ದೆ. ಮಾತು ಅವರೇ ತೆಗೆಯುವ ತನಕ ಬಾಯಿ ಬಿಡದೆ ಇರುವುದು ಮೂವತ್ತೊಂದು ವರ್ಷ ಮಾತಾಡಿ ಸಂಬಳ ತೆಗೆದುಕೊಂಡವನಿಗೆ ಎಷ್ಟು ಕಷ್ಟ ಎಂದು ಹೇಳಿ ತಿಳಿಸಲಾರೆ.

3. ಅರವತ್ತೆರಡು ರೂಪಾಯಿ ಮತ್ತು ಗೆಡ್ಡೆಗೆಣಸು

ರಾಯರ ಹೆಸರು ನನ್ನ ವಿದ್ಯಾರ್ಥಿಗಳಿಗೆ ಒಂದು ಅಂಕಿಯಾಗಿ ಗೊತ್ತು. 1931–32ರಲ್ಲಿ ಬ್ರಿಟಿಷ್ ಭಾರತದ ತಲಾ ಆದಾಯ 62 ರೂಪಾಯಿ ಎಂದು ಲೆಕ್ಕ ಹಾಕಿದವರು ಅವರು. ಎರಡು ಅಂಕದ ಪ್ರಶ್ನೆ. ಅದನ್ನು ಬಾಯಿಪಾಠ ಮಾಡಿಸುವ ಭರದಲ್ಲಿ ಅವರು ಲೆಕ್ಕ ಹಾಕಿದ ಬಗೆಯನ್ನು ನಾವು ಓಡಿಸಿಬಿಡುತ್ತೇವೆ. ಅಸಲು ವಿಷಯ ಇರುವುದು ಅಲ್ಲಿ. ಹೊಲ, ಕಾಡು, ಗಣಿಗಳಂಥ ಕಡೆ ಏನು ಬೆಳೆಯಿತು, ಏನು ಸಿಕ್ಕಿತು ಎಂದು ಉತ್ಪನ್ನದ ಬೆಲೆ ಕಟ್ಟಿದರು. ನೌಕರಿ, ವ್ಯಾಪಾರ, ಸೇವೆಗಳ ಕಡೆ ಜನರ ಕೈಗೆ ಬಂದ ಆದಾಯ ಕೂಡಿಸಿದರು. ಒಂದೇ ಅಳತೆಗೋಲು ಎಲ್ಲೆಡೆ ನಡೆಯದು ಎಂದು ಒಪ್ಪಿಕೊಂಡ ಲೆಕ್ಕ ಅದು.

ಪಂಚಾಯತಿ ಸದಸ್ಯನಾದ ಮೇಲೆ ಮನೆಗಳ ಸಮೀಕ್ಷೆಯೊಂದಕ್ಕೆ ಜತೆಗೆ ಹೋಗಿದ್ದೆ. ನಮೂನೆಯಲ್ಲಿ ‘ವಾರ್ಷಿಕ ಆದಾಯ’ ಎಂಬ ಕಾಲಂ. ಕೇಳಿದರೆ “ಹೊಟ್ಟಿಗೆ ಬಟ್ಟಿಗೆ ಆಗತೈತ್ರಿ” ಎಂಬ ಉತ್ತರ. ಬರೆಯುವ ಹುಡುಗ ಎಲ್ಲರಿಗೂ ಒಂದೇ ಅಂಕಿ ತುಂಬುತ್ತಿದ್ದ. ನಾನು ತಡೆದು, ದುಡ್ಡಿನ ಮಾತು ಬಿಟ್ಟು ವರ್ಷದ ಹನ್ನೆರಡು ತಿಂಗಳು ಹಿಡಿದು ಕೇಳಲು ಹೇಳಿದೆ. ಯಾವ ತಿಂಗಳು ಗದ್ದೆ, ಯಾವ ತಿಂಗಳು ಜೇನು, ಯಾವಾಗ ಮುರುಗಲ ಹಣ್ಣು, ಯಾವಾಗ ಉಪ್ಪಾಗೆ. ಗೆಡ್ಡೆಗೆಣಸಿನ ಮಾತು ಬಂದದ್ದೇ ತಡ, ಹೆಂಗಸರು ಬಾಗಿಲಿಗೆ ಬಂದರು. ಜೋಯಿಡಾದ ಕುಣಬಿಗಳ ಗೆಡ್ಡೆಗಳಿಗೆ ಈಗ ಮೇಳವೇ ನಡೆಯುತ್ತದೆ, ಪೇಟೆಯವರು ಬಂದು ಫೋಟೊ ತೆಗೆದುಕೊಳ್ಳುತ್ತಾರೆ. ಆದರೆ ಸಮೀಕ್ಷೆಯ ನಮೂನೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಒಂದು ದಿನಕ್ಕೆ ಮೂರೇ ಮನೆ ಮುಗಿದವು. ಹುಡುಗ ನನ್ನನ್ನು ಮರುದಿನ ಕರೆಯಲಿಲ್ಲ.

4. ಬಾಯಿಗಿಂತ ಕಣ್ಣು ಮೇಲು

ಈ ಪಾಠವೊಂದಕ್ಕಾಗಿ ಉಳಿದದ್ದನ್ನೆಲ್ಲ ಬರೆದೆ ಎಂದರೂ ನಡೆದೀತು. ಮೇಷ್ಟ್ರು ರಾಜಕೀಯಕ್ಕೆ ಬಂದರೆ ಅವನ ಭಾಷಣ ಕೆಲಸಕ್ಕೆ ಬರುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ನನಗೆ ಕೆಲಸಕ್ಕೆ ಬಂದದ್ದು ಉತ್ತರಪತ್ರಿಕೆ ತಿದ್ದಿದ ಕಣ್ಣು. ದಿನಕ್ಕೆ ನಲವತ್ತು ಪತ್ರಿಕೆ, ಎದುರಿಗೆ ಮಾದರಿ ಉತ್ತರ, ಕೈಯಲ್ಲಿ ಕೆಂಪು ಪೆನ್ನು. ಆ ಕಣ್ಣಿಗೆ ಬಿಟ್ಟುಹೋದದ್ದು ಮೊದಲು ಕಾಣುತ್ತದೆ, ಬರೆದದ್ದು ಆಮೇಲೆ.

ನಮ್ಮ ಕಡೆ ಎಲ್ಲ ರಾಜಕೀಯವೂ ಕೊನೆಗೆ ಕಾಡಿನ ನೆಲಕ್ಕೆ ಬಂದು ನಿಲ್ಲುತ್ತದೆ. ದಾಂಡೇಲಿ ಅಭಯಾರಣ್ಯ 1956ರದು, ಅಣಶಿ ರಾಷ್ಟ್ರೀಯ ಉದ್ಯಾನ 1987ರದು. ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾದವು, ಈಗ ಅದರ ಹೆಸರು ಕಾಳಿ. ಒಳಗೂ ಅಂಚಿಗೂ ಕುಣಬಿ, ಗೌಳಿ, ಸಿದ್ದಿಗಳ ಮನೆಗಳು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಇವರೆಲ್ಲ ಅರ್ಜಿ ಹಾಕಿದರು. ಸಿದ್ದಿಗಳು 2003ರಿಂದ ನಮ್ಮ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡ. ಅವರು 2005ರ ಡಿಸೆಂಬರ್ 13ಕ್ಕಿಂತ ಮೊದಲು ಆ ನೆಲದಲ್ಲಿದ್ದರೆಂದು ತೋರಿಸಿದರೆ ಸಾಕು. ಕುಣಬಿಗಳು ಘಟ್ಟದ ಕೆಳಗೆ ಗೋವಾದಲ್ಲಿ 2003ರಿಂದ ಪಂಗಡ, ಘಟ್ಟದ ಮೇಲೆ ಕರ್ನಾಟಕದಲ್ಲಿ ಅಲ್ಲ. ಬೀಗತನ ಗಡಿ ದಾಟುತ್ತದೆ, ಸವಲತ್ತು ದಾಟುವುದಿಲ್ಲ. ಹಾಗಾಗಿ ಅವರು ‘ಇತರ ಪಾರಂಪರಿಕ ಅರಣ್ಯವಾಸಿ’ಗಳ ಸಾಲಿನಲ್ಲಿ ಬಂದು, ಮೂರು ತಲೆಮಾರು ಅಂದರೆ ಎಪ್ಪತ್ತೈದು ವರ್ಷದ ವಾಸ ತೋರಿಸಬೇಕು. ಲೆಕ್ಕ ಹಿಡಿದರೆ 1930.

ಗೆದ್ದ ಮೇಲೆ ಮೊದಲ ಮಳೆಗಾಲದಲ್ಲಿ ಒಬ್ಬ ರೈತ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ತಂದ. ಅರ್ಜಿ ತಿರಸ್ಕೃತವಾಗಿತ್ತು. ಕಾರಣ ಒಂದೇ ಸಾಲು: 1930ರ ದಾಖಲೆ ಲಗತ್ತಿಸಿಲ್ಲ. ನಾನು ನಿಯಮದ ಪುಸ್ತಕ ತರಿಸಿ ರಾತ್ರಿ ಓದಲು ಕೂತೆ. 13ನೇ ನಿಯಮದಲ್ಲಿ ಸಾಕ್ಷ್ಯಗಳ ಪಟ್ಟಿ ಇದೆ. ಗ್ಯಾಜೆಟಿಯರ್, ಜನಗಣತಿ, ಸರ್ವೆ ವರದಿಯಂಥ ಸರ್ಕಾರಿ ದಾಖಲೆ ಒಂದು. ಮನೆ, ಗುಡಿಸಲು, ನೆಲ ಸಮ ಮಾಡಿದ್ದು, ಬದು ಹಾಕಿದ್ದು ಒಂದು. ಹಳೆಯ ಬಾವಿ, ಸ್ಮಶಾನ, ದೇವರ ಬನ ಒಂದು. ಅರ್ಜಿದಾರನಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡದ್ದು ಒಂದು. ಹೀಗೆ ಇನ್ನೂ ಕೆಲವು. ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಇದ್ದರೆ ಆಯಿತು. 2012ರ ತಿದ್ದುಪಡಿ ಬಂದ ಮೇಲೆ, ಇಂಥದ್ದೇ ಕಾಗದ ಬೇಕು ಎಂದು ಯಾರೂ ಹಟ ಹಿಡಿಯುವಂತೆಯೂ ಇಲ್ಲ.

ಓದುತ್ತ ನಗು ಬಂತು. ಇದು ಪ್ರಶ್ನೆಪತ್ರಿಕೆ! ಮೇಲೆ ಸ್ಪಷ್ಟವಾಗಿ ‘ಯಾವುದಾದರೂ ಎರಡಕ್ಕೆ ಉತ್ತರಿಸಿ’ ಎಂದು ಅಚ್ಚಾಗಿದೆ. ಕೊಠಡಿಯ ಮೇಲ್ವಿಚಾರಕ ಮಾತ್ರ ಮೊದಲನೆಯದು ಕಡ್ಡಾಯ ಎಂದು ಬಾಯಲ್ಲಿ ಹೇಳಿಕೊಂಡು ಬಂದಿದ್ದಾನೆ. ಹತ್ತು ವರ್ಷ ಜನ ಬಾರದ ಒಂದು ಪ್ರಶ್ನೆಯ ಎದುರು ಕೂತು, ಬರುವ ಎಂಟನ್ನು ಬಿಟ್ಟು, ಖಾಲಿ ಹಾಳೆ ಕೊಟ್ಟು ಎದ್ದುಬಂದಿದ್ದಾರೆ.

ಆ ಚಳಿಗಾಲ ನಾವು ಐದಾರು ಜನ ಬಾವಿ, ಬನ, ಹಳೆಯ ಅಡಿಪಾಯ ಹುಡುಕುತ್ತ ತಿರುಗಿದೆವು. ಹಿರಿಯರ ಹೇಳಿಕೆ ಬರೆದುಕೊಂಡೆವು. ಬಾಂಬೆ ಗ್ಯಾಜೆಟಿಯರಿನ ಕೆನರಾ ಸಂಪುಟ, 1883ರದು, ಧಾರವಾಡದ ಗೆಳೆಯನಿಂದ ಪ್ರತಿ ತರಿಸಿದೆ. ಸೂಪಾ ಸೀಮೆಯ ಹಳ್ಳಿಗಾಡಿನ ಮಾತು ಅದರಲ್ಲಿ ಇದೆ. ಎಪ್ಪತ್ತೈದು ವರ್ಷದ ಲೆಕ್ಕ ವಾಸಕ್ಕೆ, ಸಾಗುವಳಿಗಲ್ಲ ಎಂಬುದನ್ನೂ ಅರ್ಜಿಯಲ್ಲೇ ಬರೆದೆವು.

ಇನ್ನೊಂದು ತಪ್ಪು ನಮ್ಮದೇ ಬದಿಯಲ್ಲಿ ಸಿಕ್ಕಿತು. ಸಾಮಾನ್ಯ ಗ್ರಾಮಸಭೆಗೆ ಹತ್ತನೇ ಒಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟಿದ್ದರೆ ಕೋರಂ. ಅರಣ್ಯ ಹಕ್ಕಿನ ಗ್ರಾಮಸಭೆಗೆ ಅರ್ಧದಷ್ಟು ಜನ ಬೇಕು, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ನಮ್ಮ ಠರಾವು ಬುಕ್ಕಿನಲ್ಲಿ ಮೂವತ್ತು ಚಿಲ್ಲರೆ ಸಹಿ, ಅದರಲ್ಲಿ ಹೆಂಗಸರದು ನಾಲ್ಕು ಹೆಬ್ಬೆಟ್ಟು. ಆ ಠರಾವು ಯಾರು ಕೆದಕಿದರೂ ನಿಲ್ಲುತ್ತಿರಲಿಲ್ಲ. ಸಭೆಯನ್ನು ಮತ್ತೆ ಕರೆದೆವು. ನಾಟಿಯ ಹೊತ್ತಿನಲ್ಲಿ ಕರೆದಿದ್ದಕ್ಕೆ ಮೊದಲ ಸಲ ಯಾರೂ ಬರಲಿಲ್ಲ, ತಪ್ಪು ನನ್ನದು. ಕಾಲೇಜಿನ ಕ್ಯಾಲೆಂಡರಿನಲ್ಲಿ ನಾಟಿ ಎಂಬ ರಜೆ ಇರಲಿಲ್ಲವಲ್ಲ. ಸುಗ್ಗಿ ಮುಗಿದ ಮೇಲೆ ಕರೆದಾಗ ತುಂಬಿತು.

ಹನ್ನೆರಡು ಅರ್ಜಿ ಹೀಗೆ ತಿದ್ದಿ ಕಳಿಸಿದೆವು. ಐದು ಮುಂದಿನ ಹಂತಕ್ಕೆ ಹೋಗಿವೆ. ಹಕ್ಕುಪತ್ರ ಇನ್ನೂ ಒಬ್ಬರ ಕೈಗೂ ಬಂದಿಲ್ಲ.

5. ಮೊದಲು ಕಟ್ಟಿದವರು ಆಮೇಲೆ ನಿಂತರು

ದಿನಕರ ದೇಸಾಯರು ಅಂಕೋಲೆಯ ಅಲಗೇರಿಯವರು. ಮುಂಬಯಿಯಲ್ಲಿ ಎಂ.ಎ., ಎಲ್‌ಎಲ್.ಬಿ. ಮುಗಿಸಿ ಭಾರತ ಸೇವಕ ಸಮಾಜ ಸೇರಿದರು. ಗೇಣಿದಾರರನ್ನು ಸಂಘಟಿಸಿದ್ದಕ್ಕೆ 1940ರಿಂದ ಐದು ವರ್ಷ ತಮ್ಮ ಜಿಲ್ಲೆಯಿಂದಲೇ ಗಡಿಪಾರಾದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯ ಮೂಲೆಮೂಲೆಗೆ ಹೈಸ್ಕೂಲು ತಂದರು. ಗೋಖಲೆ ಶತಮಾನೋತ್ಸವದ ಹೆಸರಲ್ಲಿ ಅಂಕೋಲೆಗೆ ಕಾಲೇಜು ಬಂತು. 1967ರಲ್ಲಿ ಅವರು ಪಕ್ಷೇತರರಾಗಿ ನಿಂತಾಗ ಅವರ ಬೆನ್ನಿಗೆ ಹದಿನಾಲ್ಕು ವರ್ಷದ ಶಾಲೆಗಳಿದ್ದವು, ಅದಕ್ಕೂ ಹಿಂದಿನ ಗೇಣಿ ಹೋರಾಟವಿತ್ತು. ನಾನು ನಿಂತಾಗ ಬೆನ್ನಿಗಿದ್ದದ್ದು ಹದಿನೇಳು ಶಾಲು.

ರಾಯರದೂ ಅದೇ ಕ್ರಮ. 1949ರಲ್ಲಿ ದಿಲ್ಲಿ ಸ್ಕೂಲ್, 1958ರಲ್ಲಿ ಆರ್ಥಿಕ ಬೆಳವಣಿಗೆಯ ಅಧ್ಯಯನ ಸಂಸ್ಥೆ, ಯೋಜನಾ ಆಯೋಗದ ಸದಸ್ಯತ್ವ, ಅದಾದ ಮೇಲೆ ಬಳ್ಳಾರಿ. ಸಂಸದರಾಗಿದ್ದಾಗಲೂ ಕಟ್ಟುವ ಚಟ ಬಿಡಲಿಲ್ಲ. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಎಲ್ಲರೂ ‘ಐಸೆಕ್’ ಎನ್ನುವುದು, 1972ರದು. ಮಂತ್ರಿಯಾಗಿ ಮೊದಲು ಸಾರಿಗೆ ಮತ್ತು ಹಡಗು ಖಾತೆ, 1969ರಿಂದ 1971ರ ತನಕ ಶಿಕ್ಷಣ. ಶಿಕ್ಷಣ ಮಂತ್ರಿಯಾದ ವರ್ಷವೇ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಗೆ ಚಾಲನೆ ಕೊಟ್ಟರು.

ಎನ್ನೆಸ್ಸೆಸ್ ಎಂದರೆ ಹುಡುಗರಿಗೆ ಟೋಪಿ, ಸಲಿಕೆ, ಉಪ್ಪಿಟ್ಟು. ನಾನು ಎಂಟು ವರ್ಷ ಅದರ ಕಾರ್ಯಕ್ರಮಾಧಿಕಾರಿಯಾಗಿದ್ದೆ. ಒಂದು ಶಿಬಿರ ಉಳವಿಯಲ್ಲೇ ಹಾಕಿದ್ದೆವು. ಜಾತ್ರೆ ಮುಗಿದ ವಾರ, ಚಕ್ಕಡಿಗಳು ಹೋದ ಮೇಲೆ ಉಳಿದ ಹುಲ್ಲು, ಸಗಣಿ, ಪತ್ರಾವಳಿ ಗುಡಿಸಿ ಕೆರೆಯ ದಾರಿ ಸರಿ ಮಾಡಿದೆವು. ರಾಯರ ಒಂದು ಭಾಷಣವೂ ನನಗೆ ನೆನಪಿಲ್ಲ, ಓದಿಯೂ ಇಲ್ಲ. ಅವರು ಶಿಕ್ಷಣ ಮಂತ್ರಿಯಾಗಿದ್ದ ಎರಡು ವರ್ಷದ ಕೆಲಸ ಮಾತ್ರ ಹೀಗೆ ಸಲಿಕೆ ಹಿಡಿದು ಉಳವಿಯ ತನಕ ಬಂತು. 2020ರಲ್ಲಿ ನನ್ನನ್ನು ಗೆಲ್ಲಿಸಿದವರು ನನ್ನ ಪಾಠ ಕೇಳಿದವರಲ್ಲ. ಆ ಶಿಬಿರದಲ್ಲಿ ನನ್ನ ಜತೆ ಸಗಣಿ ಬಾಚಿದ ಇಬ್ಬರು ಹುಡುಗರು, ಅವರ ಮನೆಯವರು, ಅವರ ಓಣಿ.

6. ಪಕ್ಕದ ಬಾಗಿಲು

ಓದಿದವರಿಗೆಂದೇ ಇನ್ನೊಂದು ದಾರಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಏಳು ಪದವೀಧರರದು, ಏಳು ಶಿಕ್ಷಕರದು, ಹನ್ನೊಂದು ನಾಮಕರಣದ್ದು. ಹುಬ್ಬಳ್ಳಿಯಲ್ಲಿ ದೈಹಿಕ ಶಿಕ್ಷಕರಾಗಿದ್ದ ಬಸವರಾಜ ಹೊರಟ್ಟಿಯವರು ನಮ್ಮ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ 1980ರಲ್ಲಿ ಗೆದ್ದವರು 2022ರಲ್ಲಿ ಎಂಟನೇ ಸಲ ಗೆದ್ದರು. ಬೆಂಗಳೂರಿನ ಐಐಎಂ ಪ್ರಾಧ್ಯಾಪಕರಾಗಿದ್ದ ಬಿ.ಕೆ. ಚಂದ್ರಶೇಖರ್ ಪರಿಷತ್ತಿನಲ್ಲಿದ್ದು ಎಸ್.ಎಂ. ಕೃಷ್ಣ ಸಂಪುಟದಲ್ಲಿ ಮಂತ್ರಿಯಾದರು, ಸಭಾಪತಿಯೂ ಆದರು. ನಮ್ಮ ಸೀಮೆಯ ಶಾಂತಾರಾಮ ಸಿದ್ದಿ 2020ರಲ್ಲಿ ನಾಮಕರಣಗೊಂಡಾಗ ಸಿದ್ದಿಗಳಲ್ಲಿ ಮೊದಲ ಬಾರಿಗೆ ಒಬ್ಬರು ಶಾಸನಸಭೆಯ ಮೆಟ್ಟಿಲು ಹತ್ತಿದರು.

ಪದವೀಧರರ ಎಣಿಕೆಗೆ ಒಮ್ಮೆ ಏಜೆಂಟನಾಗಿ ಹೋಗಿದ್ದೆ. ಕೇಂದ್ರದಲ್ಲಿ ಕೊಡುವ ನೇರಳೆ ಪೆನ್ನಿನಿಂದ 1, 2, 3 ಎಂದು ಪ್ರಾಶಸ್ತ್ಯದ ಅಂಕಿ ಬರೆಯಬೇಕು, ಅಷ್ಟೇ. ಡಬಲ್ ಗ್ರ್ಯಾಜುಯೇಟರು ರೈಟ್ ಗುರುತು ಹಾಕಿದ್ದರು, ಸಹಿ ಮಾಡಿದ್ದರು, ಒಬ್ಬರು ಅಭ್ಯರ್ಥಿಗೆ ಶುಭ ಕೋರಿದ್ದರು. ತಿರಸ್ಕೃತ ಮತಗಳ ಕಟ್ಟು ನೋಡಿ, ನಮ್ಮ ವಾಡಿಯ ಹೆಬ್ಬೆಟ್ಟಿನವರ ಬಗ್ಗೆ ನನಗಿದ್ದ ಸಣ್ಣ ತಾತ್ಸಾರ ಅವತ್ತೇ ಇಳಿಯಿತು.

7. ಮುಂಡಗೋಡದ ಮೇಷ್ಟ್ರು

ಇದು ಪಾಠಕ್ಕಿಂತ ಹೆಚ್ಚು ಅಚ್ಚರಿ. ಮುಂಡಗೋಡದ ಟಿಬೆಟನ್ ಕ್ಯಾಂಪಿಗೆ 1966ರಿಂದ ನೆಲೆ. ಅಲ್ಲಿಯ ಜೋಳದ ಹೊಲಗಳ ನಡುವೆ ಡ್ರೆಪುಂಗ್, ಗಾಡೆನ್ ಮಠಗಳಿವೆ. 2001ರಲ್ಲಿ ಟಿಬೆಟನ್ನರ ದೇಶಭ್ರಷ್ಟ ಸರ್ಕಾರದ ಮುಖ್ಯಸ್ಥನನ್ನು ಜನರೇ ನೇರವಾಗಿ ಆರಿಸುವ ಮೊದಲ ಚುನಾವಣೆ ನಡೆಯಿತು. ಗೆದ್ದವರು ಸಾಮಧೋಂಗ್ ರಿಂಪೋಚೆ. ಸಾರನಾಥದ ಟಿಬೆಟನ್ ಉನ್ನತ ಅಧ್ಯಯನ ಸಂಸ್ಥೆಯನ್ನು ವರ್ಷಗಟ್ಟಲೆ ನಡೆಸಿದ ವಿದ್ವಾಂಸ. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮತ. 2006ರಲ್ಲಿ ಮತ್ತೆ ಗೆದ್ದರು. ಅವರ ನಂತರ 2011ರಲ್ಲಿ ಗೆದ್ದ ಲೋಬ್ಸಂಗ್ ಸಂಗೇ ಬಂದದ್ದು ಹಾರ್ವರ್ಡಿನ ಕಾನೂನು ಶಾಲೆಯಿಂದ. ನಮ್ಮದೇ ಜಿಲ್ಲೆಯಲ್ಲಿ ಕೂತ ಜನ ಸಾಲಾಗಿ ಇಬ್ಬರು ಪಂಡಿತರನ್ನೇ ಆರಿಸುತ್ತಾರೆ, ನಾವು ಅಡಿಗರನ್ನೂ ಕಾರಂತರನ್ನೂ ಸೋಲಿಸುತ್ತೇವೆ. ಪರಿಚಯದ ಒಬ್ಬ ಭಿಕ್ಷುವನ್ನು ಇದರ ಗುಟ್ಟು ಕೇಳಿದೆ. “ನಮಗೆ ರಸ್ತೆ ಮಾಡಿಸುವ ಮಂತ್ರಿ ಬೇಡ ಸರ್, ಅದನ್ನು ನಿಮ್ಮ ಸರ್ಕಾರ ಮಾಡುತ್ತದೆ” ಎಂದು ನಕ್ಕ. ಆ ಉತ್ತರವನ್ನು ಇನ್ನೂ ಯೋಚಿಸುತ್ತಿದ್ದೇನೆ.

8. ಜನರಿಗೆ ಅಂಕ ಕೊಡಬೇಡ

ನನ್ನ ಕೆಟ್ಟ ತಪ್ಪು ಇದು. ನಮ್ಮ ಪಂಚಾಯತಿಯಲ್ಲಿ ನಾಲ್ಕನೇ ಇಯತ್ತೆ ಓದಿದ ಒಬ್ಬ ಸದಸ್ಯೆ ಇದ್ದರು. ಮೊದಲ ವರ್ಷ ಅವರು ಓದಿ ಹೇಳಿದ ಠರಾವಿನಲ್ಲಿ ಎರಡು ಕಾಗುಣಿತ ತಪ್ಪಿದ್ದವು. ಎಲ್ಲರೆದುರು ತಿದ್ದಿದೆ. ನಗುತ್ತಲೇ ತಿದ್ದಿದೆ, ಅದು ಇನ್ನೂ ಕೆಟ್ಟದ್ದು. ಆಮೇಲೆ ಮೂರು ತಿಂಗಳು ಆಕೆ ಸಭೆಗೆ ಬಂದು ಸಹಿ ಹಾಕಿ ಸುಮ್ಮನೆ ಕೂತು ಹೋದರು.

ಆ ಮೂರು ತಿಂಗಳಲ್ಲೇ ನಾವು ಒಂದು ಕಾಲುಸಂಕದ ಕೆಲಸ ಮಂಜೂರು ಮಾಡಿಸಿದೆವು. ನಕ್ಷೆ ನಾನೇ ನೋಡಿದ್ದೆ, ಅಂದಾಜು ಪಟ್ಟಿ ನಾನೇ ಓದಿದ್ದೆ, ಎಲ್ಲ ಸರಿ ಇತ್ತು. ಸಂಕ ಎದ್ದಿತು, ಯಾರೂ ಅದರ ಮೇಲೆ ನಡೆಯಲಿಲ್ಲ. ಎರಡು ಮನೆತನಗಳ ಜಗಳದಿಂದ ಆ ಕಡೆಯ ದಾರಿಗೆ ಹತ್ತು ವರ್ಷದ ಹಿಂದೆಯೇ ಮುಳ್ಳು ಬಿದ್ದಿತ್ತು. ಆಕೆಗೆ ಗೊತ್ತಿತ್ತು. ಮನೆಗೆ ಹೋಗಿ “ಮೊದಲೇ ಹೇಳಬಾರದಿತ್ತೇ ಅಕ್ಕಾ?” ಎಂದೆ. “ಹೇಳಿದ್ರ ಅದರಾಗೂ ತಪ್ಪು ಹುಡುಕ್ತಿದ್ರಿ, ಮಾಸ್ತರ್” ಎಂದರು. ಒಳಗೆ ಹೋಗಿ ಚಹಾ ತಂದರು. ಕೆಂಪು ಪೆನ್ನು ಕಾಗದದ ಮೇಲೆ ಆಡಬೇಕು, ಮನುಷ್ಯರ ಮೇಲಲ್ಲ ಎಂದು ಆ ಚಹಾ ಕುಡಿಯುತ್ತ ಹೊಳೆಯಿತು. ನಿವೃತ್ತಿಯಾಗಿ ಏಳು ವರ್ಷ ಕಳೆದಿತ್ತು.

9. ಪಿಂಚಣಿ ಇಲ್ಲದೆ ಇಳಿಯಬೇಡ

ಗೌರವಧನ ಬೈಕಿನ ಪೆಟ್ರೋಲಿಗೆ ಸಾಲದು. ಮದುವೆಯ ಕರೆಯೋಲೆಗಳು ಮೂರು ಪಟ್ಟಾಗುತ್ತವೆ, ಮುಯ್ಯಿ ಕೊಡಲೇಬೇಕು. ಹೆಂಡತಿಯ ಒಪ್ಪಿಗೆ ಬಾಯಿಮಾತಿನಲ್ಲಿ ಸಾಕು, ಆದರೆ ಇರಲೇಬೇಕು.

10. ಅರವತ್ತು ದಿನ

ಕೊನೆಯದಾಗಿ ಒಂದು ಬೆಳಗಿನ ಮಾತು. ಭಾರತ ಹುಣ್ಣಿಮೆಯ ಉಳವಿ ಜಾತ್ರೆ. ಧಾರವಾಡ, ಬೆಳಗಾವಿ ಕಡೆಯಿಂದ ಎತ್ತಿನ ಚಕ್ಕಡಿಗಳು ಎರಡು ದಿನದಿಂದ ಘಟ್ಟ ಏರಿ ಬರುತ್ತಿದ್ದವು. ಈ ಊರಿಗೆ ಹೆಸರು ಬಂದದ್ದೇ ಒಬ್ಬ ಪಂಡಿತನಿಂದ. ಕಲ್ಯಾಣದಲ್ಲಿ ರಕ್ತ ಹರಿದ ಮೇಲೆ ಶರಣರ ಗುಂಪನ್ನೂ ವಚನದ ಕಟ್ಟುಗಳನ್ನೂ ಕಾಡಿನೊಳಗೆ ಇಲ್ಲಿಯ ತನಕ ನಡೆಸಿಕೊಂಡು ಬಂದವನು ಚನ್ನಬಸವಣ್ಣ ಎಂದು ಪರಂಪರೆ ಹೇಳುತ್ತದೆ. ಷಟ್‌ಸ್ಥಲ ಶಾಸ್ತ್ರ ಬಲ್ಲವನಿಗೆ ಹಿಂದೆ ಬರುವ ಸೈನ್ಯದಿಂದ ಜನರನ್ನು ಉಳಿಸುವ ಕೆಲಸ ಬಂದಿತ್ತು. ಅವನ ಸಮಾಧಿಗೆ ಕಾಯಿ ಒಡೆಸಲು ನಾನೂ ಹೊರಟಿದ್ದೆ. ಪಂಚೆ ಉಟ್ಟಾಗಿತ್ತು.

ಬಾಗಿಲಲ್ಲಿ ಇಪ್ಪತ್ತರ ಹರೆಯದ ಹುಡುಗ. ನಮ್ಮ ಪಂಚಾಯತಿಯವನಲ್ಲ, ಗುಂದ ದಾಟಿ ಆ ಕಡೆಯವನು. ಕೈಯಲ್ಲಿ ಮಡಚಿದ ಕಾಗದ. “ನೀವು ಕಾಗದ ಓದ್ತೀರಂತ, ಮಾಸ್ತರ್.”

ಬಿಡಿಸಿದೆ. ಅಜ್ಜನ ಹೆಸರಲ್ಲಿ ಹಾಕಿದ್ದ ಅರಣ್ಯ ಹಕ್ಕಿನ ಅರ್ಜಿಗೆ ಹಿಂಬರಹ. ತಿರಸ್ಕರಿಸಲಾಗಿದೆ. ಮೇಲ್ಮನವಿಗೆ ಅರವತ್ತು ದಿನ.

“ಇದು ಮನೆಗೆ ಮುಟ್ಟಿದ್ದು ಯಾವತ್ತು?”

ಹುಡುಗ ಬೆರಳು ಮಡಚಿ ಎಣಿಸಿದ. ಸುಗ್ಗಿ, ಅಕ್ಕನ ಮದುವೆ, ಅಮಾವಾಸ್ಯೆ. ನಾನು ಕ್ಯಾಲೆಂಡರ್ ಇಳಿಸಿ ನೋಡಿದೆ. ಅವತ್ತಿಗೆ ಐವತ್ತೇಳನೇ ದಿನ.

“ಊರಲ್ಲಿ ಹಳೇ ಬಾವಿ ಐತೇನು?”

“ಐತ್ರಿ. ದೇವರ ಬನಾನೂ ಐತಿ.”

ಹೊರಗೆ ಗೆಜ್ಜೆಯ ಎತ್ತುಗಳು ಸಾಲಾಗಿ ಹೋಗುತ್ತಿದ್ದವು, ಧೂಳು ಜಗಲಿಯ ತನಕ ಬಂತು. ಹೆಂಡತಿ ಕಾಯಿಯ ಚೀಲ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ನೀನು ಮುಂದೆ ನಡಿ ಎಂದೆ. ಹುಡುಗನಿಗೆ ಒಳಗೆ ಕೂರಲು ಹೇಳಿ ಬಿಳಿ ಹಾಳೆ ತೆಗೆದೆ.